ಕೊಡೆ ಅರಳಿದ್ದರೆ ಕ್ಷೇಮ

ಶಿರಿಯ
6 ಡಿಸೆಂಬರ್ 2015

ಪ್ರೀತಿಯ ವೆರೊನಿಕಾ,

ನಾನು ಡಯಾನಾ. ನಿನ್ನ ಅಣ್ಣನ ಹೆಂಡತಿ! ಮದುವೆಯಾಗಿ ಹದಿನೈದು ದಿನವಾಯಿತು, ಆದರೂ ಈ ಮಾತು ಬರೆಯಲು ಎಷ್ಟು ಖುಷಿಯೆಂದರೆ ಇನ್ನೊಮ್ಮೆ ಬರೆಯುತ್ತೇನೆ. ನಿನ್ನ ಅಣ್ಣನ ಹೆಂಡತಿ!

ನಾವಿಬ್ಬರೂ ಇನ್ನೂ ಒಬ್ಬರನ್ನೊಬ್ಬರು ನೋಡಿಯೇ ಇಲ್ಲ. ನೀನು ಮೇ ತಿಂಗಳಲ್ಲಿ ಕಾನ್ವೆಂಟ್ ಸೇರಿದೆ, ಆಗಸ್ಟ್‌ನಲ್ಲಿ ನನ್ನ ಸಂಬಂಧ ಬಂತು. ಸಿಸ್ಟರ್ ಆಗಲು ತರಬೇತಿಯಲ್ಲಿರುವ ನೊವಿಸ್‌ಗಳಿಗೆ ಫೋನ್ ಇಲ್ಲ, ಮನೆಗೆ ಬರುವಂತಿಲ್ಲ, ತಿಂಗಳ ಕೊನೆಯ ಭಾನುವಾರ ಒಂದೇ ಪತ್ರ, ಅದನ್ನೂ ಮೊದಲು ನಿಮ್ಮನ್ನು ನೋಡಿಕೊಳ್ಳುವ ಸಿಸ್ಟರ್ ಸೆವ್ರಿನ್ ಓದುತ್ತಾರೆ ಎಂದು ನಿನ್ನ ಅಣ್ಣ ಜೋಯ್‌ಸ್ಟನ್ ಹೇಳಿದ. (ಸಿಸ್ಟರ್, ನಮಸ್ಕಾರ! ನನ್ನ ಅಕ್ಷರಕ್ಕೆ ಕ್ಷಮೆ ಇರಲಿ.) ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ ಆದರೂ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಏಕೆಂದರೆ ಪತ್ರ ಪೋಸ್ಟ್ ಮಾಡುವ ಮೊದಲು ಮಾಂಯ್‌ಗೆ ಓದಿ ಹೇಳಬೇಕು. ನಿನ್ನ ಅಮ್ಮ ಹಾಗೆಂದು ಕೇಳಲಿಲ್ಲ. ನಾನು ಪೆನ್ನು ತೆಗೆದ ಕೂಡಲೇ ಕುರ್ಚಿ ಹತ್ತಿರ ಎಳೆದುಕೊಂಡರು, ಅಷ್ಟೆ.

ನಿನ್ನ ಅಕ್ವೇರಿಯಂ! ಮದುವೆಯ ದಿನ ಈ ಮನೆಗೆ ಕಾಲಿಟ್ಟು ಆಲ್ತಾರಿನ ಮುಂದೆ ಮಂಡಿಯೂರಿದೆನಲ್ಲ, ತಲೆ ಬಗ್ಗಿಸಿದರೆ ಎದುರಿಗೆ ಗಾಜಿನೊಳಗಿಂದ ಕಿತ್ತಳೆ ಬಣ್ಣದ ಒಂದು ಮೀನು ನನ್ನನ್ನೇ ನೋಡುತ್ತಿದೆ. ದೇವರ ಪೀಠದ ಕೆಳಗೆ ಸಮುದ್ರ ಇಟ್ಟಿರುವ ಮನೆ ಎಂದು ಯಾರೂ ಹೇಳಿರಲಿಲ್ಲ. ನಕ್ಕುಬಿಟ್ಟೆ. ವೀಡಿಯೊದಲ್ಲಿ ಎಲ್ಲರೂ ಪ್ರಾರ್ಥಿಸುತ್ತಿದ್ದಾರೆ, ವಧು ನಗುತ್ತಿದ್ದಾಳೆ.

ಈಗ ಅದರ ಚಾಕರಿ ನನ್ನದು. ಜೋಯ್ ದೋಣಿಯವರೊಂದಿಗೆ ಹೋಗಿ ಹೊಳೆಯ ನೀರು ಸೇರದ ಕಡೆಯಿಂದ ಕ್ಯಾನಿನಲ್ಲಿ ಕಡಲ ನೀರು ತರುತ್ತಾನೆ, ನಾನು ಗಾಜು ಉಜ್ಜುತ್ತೇನೆ. ಎಲ್ಲಕ್ಕಿಂತ ಇಷ್ಟವಾದದ್ದು ನಡುವಿನ ಆ ಮೆತ್ತಗಿನ ಹವಳ. ಅಣಬೆಯಂಥ ಕಾಂಡ, ಮೇಲೊಂದು ಕೊಡೆ, ಕೊಡೆಯ ತುಂಬ ಅಲುಗಾಡುವ ಎಳೆಗಳು. ಅದಕ್ಕೆ ನೀನು ಇಟ್ಟ ಹೆಸರೂ ‘ಕೊಡೆ’ಯೇ ಅಂತೆ.

ಒಂದೇ ತೊಂದರೆ, ದೀಪ. ಎರಡು ಟ್ಯೂಬ್‌ಗಳಲ್ಲಿ ನೀಲಿಯದು ಮಿಣಮಿಣ ಎನ್ನುತ್ತಿದೆ, ಬಿಳಿಯದು ಹಳದಿಯಾಗಿದೆ. ಹೊಸ ದೀಪ ತರಲೇ? ಈ ಮನೆಗೆ ನನ್ನ ಮೊದಲ ಉಡುಗೊರೆ ಅದೇ ಆಗಲಿ ಎಂದು ಆಸೆ.

ನಿನ್ನ ಅತ್ತಿಗೆ,
ಡಯಾನಾ

(ಹಾಳೆಯ ಹಿಂಬದಿಯ ಈ ಸಾಲುಗಳನ್ನು ಮಾಂಯ್‌ಗೆ ಓದಿ ಹೇಳಿಲ್ಲ. ಅವರು ನಿನಗೆ ಇದುವರೆಗೆ ಒಂದು ಸಾಲೂ ಬರೆದಿಲ್ಲ ಎಂದು ಜೋಯ್ ಹೇಳಿದ. ಆದರೆ ದಿನಾ ಬೆಳಿಗ್ಗೆ ಕಾಫಿ ಹಿಡಿದು ಕೊಡೆಯ ಮುಂದೆ ಐದು ನಿಮಿಷ ನಿಲ್ಲುತ್ತಾರೆ. ನಿನಗೆ ತಿಳಿದಿರಲಿ ಎಂದು ಬರೆದೆ.)

*

ನೊವಿಶಿಯೇಟ್
27 ಡಿಸೆಂಬರ್ 2015

ಪ್ರೀತಿಯ ಅತ್ತಿಗೆ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಇಲ್ಲಿ ಊಟದ ಹೊತ್ತಿಗೆ ಮೌನ. ಮಂಡಿಯೂರಿ ನಕ್ಕ ವಧು ನೆನಪಾಗಿ ಗಂಜಿ ಗಂಟಲಿಗೆ ಸಿಕ್ಕಿತು. ಅದಕ್ಕಾಗಿ ಆ ದಿನ ಪಾತ್ರೆ ತೊಳೆಯುವ ಕೆಲಸ ನನಗೇ ಬಂತು. ಪರವಾಗಿಲ್ಲ.

ದೀಪ ಬದಲಿಸಲೇಬೇಕು. ಆ ಟ್ಯೂಬ್‌ಗಳಿಗೆ ಒಂದೂವರೆ ವರ್ಷವಾಯಿತು. ಉರಿಯುತ್ತಿದ್ದರೂ ಒಳಗಿನ ಸತ್ವ ಹೋಗಿರುತ್ತದೆ. ಮಂಗಳೂರಿನಲ್ಲಿ ಲೋಕನಾಥಣ್ಣನ ಅಂಗಡಿ ಇದೆ, ಜೋಯ್‌ಗೆ ಗೊತ್ತು. ಏನೇನಿದೆ ನೋಡಿ ನನಗೆ ಬರೆಯಿರಿ. ಅವಸರ ಬೇಡ.

ಹಿಂಬದಿಯದ್ದನ್ನೂ ಓದಿದೆ. ಮಮ್ಮಿ ಕಾಫಿಗೆ ಸಕ್ಕರೆ ಕಡಿಮೆ ಮಾಡಿದ್ದಾರೆಯೇ?

ನಿಮ್ಮ,
ವೆರೊನಿಕಾ

(ಓದಲಾಗಿದೆ. ಹಳೆಯ ಟ್ಯೂಬ್‌ಗಳು ಎಷ್ಟು ವಾಟ್ ಎಂದು ಇಬ್ಬರೂ ಬರೆದಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿದವಳ ಕಣ್ಣಿಗೆ ಇದು ಬಿತ್ತು, ಅಷ್ಟೆ. – ಸಿ. ಸೆವ್ರಿನ್)

*

ಶಿರಿಯ
17 ಜನವರಿ 2016

ಪ್ರೀತಿಯ ವೆರಾ, (ಹೀಗೆ ಕರೆಯಬಹುದಲ್ಲ?)

ಮೊದಲು ಸಿಸ್ಟರಿಗೆ ಉತ್ತರ: ತಲಾ ಮೂವತ್ತೊಂಬತ್ತು ವಾಟ್! ಕುರ್ಚಿ ಹತ್ತಿ ಟ್ಯೂಬಿನ ತುದಿಯಲ್ಲಿ ಓದಿದೆ.

ನಿನ್ನೆ ಲೋಕನಾಥಣ್ಣನ ಅಂಗಡಿಗೆ ಹೋಗಿದ್ದೆವು. ಅಲ್ಲಿಯೇ ಮನೆ ಮಾಡೋಣವೇ ಎಂದು ಜೋಯ್‌ನನ್ನು ಕೇಳಿದೆ, ಅಷ್ಟು ಚೆಂದ. ಲೋಕನಾಥಣ್ಣ ನನ್ನನ್ನು ಕನ್ನಡಕದ ಮೇಲಿಂದ ನೋಡಿದರು.

“ದೀಪ ಎಂತಕ್ಕೆ ಮೇಡಂ? ಮೀನಿಗಾ, ಹವಳಕ್ಕಾ?”

“ಹವಳಕ್ಕೆ.”

“ಗಟ್ಟಿಯದ್ದಾದರೆ ನನ್ನಲ್ಲಿ ಕೇಳ್ಲೇಬೇಡಿ. ಅದನ್ನು ಮನೆಯಲ್ಲಿ ಇಡ್ಲಿಕ್ಕೆ ಕಾನೂನಿಲ್ಲ.”

“ಅಯ್ಯೋ, ನಮ್ಮದು ಮೆತ್ತಗಿನದ್ದು. ಕೊಡೆ.”

“ಓ, ವೆರೊನಿಕಾನ ಕೊಡೆ! ಇಲ್ಲಿಂದ ಹೋಗುವಾಗ ಹೆಬ್ಬೆರಳಿನಷ್ಟು ಇತ್ತು ಮಾರಾಯ್ತಿ ಅದು. ಈಗ ಎಷ್ಟುಂಟು?”

ಕೈಯಗಲಿಸಿ ತೋರಿಸಿದೆ. ಅವರಿಗೆ ಮೊಮ್ಮಗಳ ಎತ್ತರ ಕೇಳಿದಷ್ಟು ಸಂತೋಷ. ಆಮೇಲೆ ಒಂದು ಪಾಠವೇ ಆಯಿತು. ಹವಳದೊಳಗೆ ಕಣ್ಣಿಗೆ ಕಾಣದ ಪಾಚಿ ವಾಸವಾಗಿದೆಯಂತೆ. ಅದು ಬೆಳಕಿನಿಂದ ಆಹಾರ ತಯಾರಿಸಿ ಹವಳಕ್ಕೂ ಬಡಿಸುತ್ತದಂತೆ. ಬಾಡಿಗೆಯ ಬದಲು ಅಡುಗೆ ಮಾಡಿ ಹಾಕುವ ಬಾಡಿಗೆದಾರ! ಆಳದ ನೀರಿಗೆ ನೀಲಿ ಬೆಳಕೇ ಹೆಚ್ಚು ಇಳಿಯುವುದರಿಂದ ನೀಲಿ ಬೇಕೇ ಬೇಕಂತೆ.

ಈಗ ನಮ್ಮ ಮುಂದೆ ಮೂರು ದಾರಿ. ಒಂದು, ಈಗಿನ ಹಾಗೆಯೇ ಟ್ಯೂಬ್. ಆದರೆ ನೀಲಿ ಟ್ಯೂಬ್ ಬರುವುದು ಈಗ ಅಪರೂಪ, ವರ್ಷ ವರ್ಷ ಹುಡುಕಬೇಕು. ಎರಡು, ಮೆಟಲ್ ಹಾಲೈಡ್ ಎಂಬ ದೊಡ್ಡ ಬಲ್ಬ್. ಅದನ್ನು ಹಚ್ಚಿದರೆ ನೀರಿನ ತಳದಲ್ಲಿ ಬಿಸಿಲಿನ ಅಲೆ ಕುಣಿಯುತ್ತದೆ ವೆರಾ, ನಿಜವಾದ ಕಡಲಿನ ಹಾಗೆ! ಆದರೆ ಕೈಯಿಟ್ಟರೆ ಕಾವಲಿ. ಮೂರು, ಎಲ್ಇಡಿ. ಚಪ್ಪಟೆ ಪೆಟ್ಟಿಗೆ, ನೀಲಿಗೊಂದು ಬಿಳಿಗೊಂದು ತಿರುಗಣೆ, ಸೊನ್ನೆಯಿಂದ ನೂರರವರೆಗೆ. ಬಿಸಿಯೂ ಇಲ್ಲ.

ಜೋಯ್ ಟ್ಯೂಬ್ ಸಾಕು ಎನ್ನುತ್ತಾನೆ. ನನ್ನ ಮನಸ್ಸು ಎಲ್ಇಡಿ ಕಡೆ. ಮಾಂಯ್ ಮತ ಹಾಕಲಿಲ್ಲ. ಕಾಫಿಗೆ ಸಕ್ಕರೆ ಕಡಿಮೆ ಮಾಡಿದ್ದಾರೆಯೇ ಎಂಬ ನಿನ್ನ ಪ್ರಶ್ನೆಯನ್ನು ಓದಿ ಹೇಳಿದಾಗ ಮಾತ್ರ ಎದ್ದು ಒಳಗೆ ಹೋದರು. (ಮಾಡಿಲ್ಲ. ಎರಡು ಚಮಚ, ರಾಶಿ ರಾಶಿ.)

ನಿನ್ನ,
ಡಯಾನಾ

*

ನೊವಿಶಿಯೇಟ್
31 ಜನವರಿ 2016

ಪ್ರೀತಿಯ ಅತ್ತಿಗೆ,

ಮೆಟಲ್ ಹಾಲೈಡ್ ಬೇಡವೇ ಬೇಡ. ಏಪ್ರಿಲ್‌ನಲ್ಲಿ ನಮ್ಮ ನಡುಮನೆಯ ಸೆಕೆಗೆ ಅದೂ ಸೇರಿದರೆ ಮೀನು ಸಾರು ತಾನಾಗಿ ತಯಾರಾಗುತ್ತದೆ. ಉಳಿದ ಎರಡರಲ್ಲಿ ನೀವೇ ಆರಿಸಿ. ದಿನವೂ ನೋಡುವವರು ನೀವು. ತಂದ ಮೇಲೆ ನನಗೆ ಬರೆಯಿರಿ, ಬೂದಿ ಬುಧವಾರದ ಮೊದಲು ತಲುಪಿದರೆ ಬಳಸುವ ಕ್ರಮವನ್ನು ಒಂದು ಚೀಟಿಯಲ್ಲಿ ಕಳಿಸಲು ಸಿಸ್ಟರ್ ಒಪ್ಪಿದ್ದಾರೆ.

ಇನ್ನೊಂದು ವಿಷಯ. ಇದನ್ನು ಮಮ್ಮಿಗೆ ಓದಿ ಹೇಳಬೇಡಿ. ಮನೆ ಬಿಡುವ ದಿನ ಮಮ್ಮಿ ಅಳಲಿಲ್ಲ. ಗಾಜಿನ ಮುಂದೆ ನಿಂತುಬಿಟ್ಟಿದ್ದರು. ನನಗೆ ತಡೆಯಲಾಗದೆ ಹೇಳಿದೆ, “ಈ ಕೊಡೆ ಅರಳಿರುವಷ್ಟು ದಿನ ನಾನು ಕ್ಷೇಮವಾಗಿದ್ದೇನೆ ಅಂತ ತಿಳ್ಕೊಳ್ಳಿ ಮಮ್ಮಿ.” ಜೀವ ಇರುವ ವಸ್ತುವಿನ ಮೇಲೆ ಯಾರಾದರೂ ಅಂಥ ಮಾತು ಕಟ್ಟುತ್ತಾರೆಯೇ? ಆಡಿಯಾಗಿತ್ತು. ಅದಕ್ಕೇ ಬೆಳಿಗ್ಗೆ ಅಲ್ಲಿ ನಿಲ್ಲುವುದು.

ಬೂದಿ ಬುಧವಾರದಿಂದ ಈಸ್ಟರ್‌ವರೆಗೆ ತಪಸ್ಸುಕಾಲ, ನಮಗೆ ಪತ್ರವೂ ಇಲ್ಲ. ಕೊಡೆಯನ್ನು ನೋಡಿಕೊಳ್ಳಿ.

ನಿಮ್ಮ,
ವೆರೊನಿಕಾ

(ದೀಪ ನೀರಿನಿಂದ ಎಷ್ಟು ಎತ್ತರದಲ್ಲಿ ತೂಗುತ್ತದೆ? ಇದು ಕುತೂಹಲವಲ್ಲ, ಲೆಕ್ಕ ಸರಿಯಾಗಲಿ ಎಂದು. – ಸಿ. ಸೆವ್ರಿನ್)

*

ಶಿರಿಯ
6 ಫೆಬ್ರವರಿ 2016

ವೆರಾ, ವೆರಾ!

ಬಂತು! ಎಲ್ಇಡಿಯೇ! ಆಲ್ತಾರಿನ ಹಲಗೆಯ ಅಡಿಯಿಂದ ಎರಡು ಸರಪಳಿಯಲ್ಲಿ ತೂಗುತ್ತಿದೆ. ಸಿಸ್ಟರ್, ನೀರಿನಿಂದ ಸರಿಯಾಗಿ ಒಂಬತ್ತು ಇಂಚು, ನನ್ನ ಟೈಲರಿಂಗ್ ಟೇಪಿನಲ್ಲಿ ಅಳೆದದ್ದು.

ಲೋಕನಾಥಣ್ಣ ಇನ್ನೇನೋ ಹೇಳಲು ಹೊರಟಿದ್ದರು, ನಮಗೆ ಬಸ್ಸಿಗೆ ತಡವಾಗುತ್ತಿತ್ತು. ಮನೆಗೆ ಬಂದವಳೇ ಎರಡೂ ತಿರುಗಣೆಗಳನ್ನು ನೂರಕ್ಕೆ ತಿರುಗಿಸಿದೆ. ಅಬ್ಬಾ! ಮೀನಿನ ಮೈಯ ಒಂದೊಂದು ಗೆರೆ ಕಾಣುತ್ತದೆ. ಪಾಪ, ನಮ್ಮ ಕೊಡೆ ಇಷ್ಟು ದಿನ ಮಸುಕಿನಲ್ಲಿ ಕೂತಿತ್ತಲ್ಲ ಎಂದು ಮನಸ್ಸು ಕರಗಿತು. ಬೆಳಿಗ್ಗೆ ಆರರಿಂದ ರಾತ್ರಿ ತೇರ್ಸ್ ಪ್ರಾರ್ಥನೆ ಮುಗಿಯುವವರೆಗೆ ಹೊಟ್ಟೆ ತುಂಬ ಬೆಳಕು ಕೊಡುತ್ತೇನೆ.

ನೀಲಿ ಬೆಳಕು ಕಿಟಕಿಯಿಂದ ದಾರಿಯವರೆಗೆ ಬೀಳುತ್ತದೆ. ಪಕ್ಕದ ಮನೆಯ ಲೋಲಾಕ್ಷಿಯಕ್ಕ ಪೊಲೀಸ್ ಜೀಪು ಬಂತೆಂದು ಓಡಿ ಬಂದರು. ಇಗರ್ಜಿಯಲ್ಲಿ ಪೂಜೆಗೆ ಸಿಗುವ ಆನ್ಸನ್ ಅಂಕಲ್ ಬಾಗಿಲಲ್ಲೇ ನಿಂತು, “ಎಂತದು ಜೋಯ್‌ಸ್ಟನ್, ಮೂರು ರಾಯರ ಹಬ್ಬ ಮುಗಿದು ತಿಂಗಳಾಯ್ತು, ನಿಮ್ಮ ಕ್ರಿಸ್ಮಸ್ ನಕ್ಷತ್ರ ಇನ್ನೂ ಇಳೀಲಿಲ್ವಾ?” ಎಂದರು.

ಮಾಂಯ್ ಕಾಫಿ ಹಿಡಿದು ಬಂದರು, ಕಣ್ಣ ಮೇಲೆ ಕೈ ಅಡ್ಡ ಇಟ್ಟು ನೋಡಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. “ಎಷ್ಟು ಬೆಳಕು ಬಾಯೆ!” ಎಂದರು. ಅಷ್ಟು ಸಾಕು ನನಗೆ.

ಬುಧವಾರದೊಳಗೆ ನಿನಗೆ ತಲುಪಲಿ ಎಂದು ಈಗಲೇ ಓಡುತ್ತೇನೆ. ಬಳಸುವ ಕ್ರಮ ಬೇಗ ಬರೆ!

ನಿನ್ನ,
ಡಯಾನಾ

*

ಶಿರಿಯ
14 ಮಾರ್ಚ್ 2016

ವೆರಾ,

ಈ ಪತ್ರ ಈಸ್ಟರ್‌ವರೆಗೆ ನಿನ್ನ ಕೈ ಸೇರುವುದಿಲ್ಲ. ಆದರೂ ಬರೆಯುತ್ತೇನೆ, ಇಲ್ಲದಿದ್ದರೆ ಯಾರಿಗೆ ಹೇಳಲಿ? ಮಾಂಯ್ ಇಗರ್ಜಿಗೆ ಹೋಗಿದ್ದಾರೆ. ಇದನ್ನು ಅವರಿಗೆ ಓದಿ ಹೇಳುವುದಿಲ್ಲ.

ಕೊಡೆ ಮುಚ್ಚಿದೆ. ಮೂರು ವಾರವಾಯಿತು. ಎಳೆಗಳೆಲ್ಲ ಒಳಗೆ ಹೋಗಿವೆ, ಕಂದು ಬಣ್ಣ ಬಿಳಿಚಿಕೊಂಡಿದೆ, ಅಂಚು ಒಳಕ್ಕೆ ಮಡಚಿದೆ. ಲೋಕನಾಥಣ್ಣನಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಮಗಳ ಹೆರಿಗೆಗೆ ಊರಿಗೆ ಹೋಗಿದ್ದಾರೆ, ಅಂಗಡಿ ಮುಚ್ಚಿದೆ ಎಂದು ಪಕ್ಕದ ಅಂಗಡಿಯವರು ಹೇಳಿದರು. ಇಂಟರ್‌ನೆಟ್‌ನಲ್ಲಿ ಹುಡುಕಿದೆ. ಒಬ್ಬ ಬೆಳಕು ಹೆಚ್ಚಾಯಿತು ಎನ್ನುತ್ತಾನೆ, ಒಬ್ಬ ಕಡಿಮೆಯಾಯಿತು ಎನ್ನುತ್ತಾನೆ, ಮೂರನೆಯವನು ಹವಳ ಚರ್ಮ ಬಿಡುತ್ತದೆ, ಕಾಯಿರಿ ಎನ್ನುತ್ತಾನೆ. ಬಿಳಿಚಿದ್ದು ನೋಡಿದರೆ ಬೆಳಕು ಸಾಲದೆಂದೇ ನನಗೆ ಅನಿಸಿತು. ಇನ್ನೂ ಒಂದು ಗಂಟೆ ಹೆಚ್ಚು ಉರಿಸಿದೆ.

ಮಾಂಯ್ ದಿನವೂ ಬಂದು ನಿಲ್ಲುತ್ತಾರೆ. ನೋಡುತ್ತಾರೆ. ಕಾಫಿ ಲೋಟ ತೊಳೆಯಲು ಒಳಗೆ ಹೋಗುತ್ತಾರೆ. ನೀನು ಆಡಿದ ಆ ಮಾತು ನನಗೆ ಗೊತ್ತು ಎಂದು ಅವರಿಗೆ ಗೊತ್ತಿಲ್ಲ. ಅವರ ಮನಸ್ಸಿನಲ್ಲಿ ಏನು ನಡೆಯುತ್ತಿರಬಹುದು ಎಂದು ನೆನೆಯುತ್ತಾ ರಾತ್ರಿ ಎರಡು ಸಲ ಎದ್ದು ಕೊಡೆ ನೋಡಿ ಬರುತ್ತೇನೆ. ನಿನ್ನಿಂದ ಒಂದು ಸಾಲು ಬರುವಂತಿಲ್ಲ, ಇತ್ತ ಇದೊಂದು ಮುಚ್ಚಿಕೊಂಡಿದೆ. ನನ್ನ ಮೊದಲ ಉಡುಗೊರೆ ವೆರಾ!

ಮೊನ್ನೆ ಶನಿವಾರ ಇನ್ನೊಂದಾಯಿತು. ಈಸ್ಟರ್‌ಗೆ ಎರಡು ವಾರ ಇರುವಾಗ ಪ್ರತಿ ವರ್ಷದಂತೆ ಇಗರ್ಜಿಯಲ್ಲಿ ಪ್ರತಿಮೆಗಳನ್ನು ಮುಚ್ಚಿದರಲ್ಲ, ಮಾಂಯ್ ಮನೆಯ ಆಲ್ತಾರಿಗೂ ನೇರಳೆ ಬಟ್ಟೆ ಹೊದಿಸಿದರು. ಆಮೇಲೆ ಉಳಿದ ತುಂಡನ್ನು ಎರಡು ಮಡಿಕೆ ಮಾಡಿ, ದೀಪದ ಕೆಳಗೆ, ಅಕ್ವೇರಿಯಂನ ಗಾಜಿನ ಮುಚ್ಚಳದ ಮೇಲೆ ಹಾಸಿಬಿಟ್ಟರು!

“ಮಾಂಯ್, ಮೊದಲೇ ಅದಕ್ಕೆ ಹುಷಾರಿಲ್ಲ. ಬೆಳಕೂ ಇಲ್ಲದಿದ್ದರೆ...”

“ಇಗರ್ಜಿಯಲ್ಲಿ ದೇವರನ್ನೇ ಮುಚ್ಚಿದ್ದಾರೆ. ನಮ್ಮ ಮೀನಿಗೆ ಮಾತ್ರ ಹಬ್ಬವಾ? ಎರಡು ವಾರ ಅಲ್ವಾ ಬಾಯೆ, ಸಾಯ್ಲಿಕ್ಕಿಲ್ಲ.”

ತಪಸ್ಸುಕಾಲದಲ್ಲಿ ಅತ್ತೆಯ ಜೊತೆ ವಾದ ಮಾಡುವುದು ಹೇಗೆ? ಜೋಯ್‌ನನ್ನು ನೋಡಿದೆ. ಅವನು ಆ ಕ್ಷಣದಲ್ಲೇ ಚಪ್ಪಲಿ ಹುಡುಕಲು ಹೋದ.

ನಿನ್ನ ಅಪರಾಧಿ ಅತ್ತಿಗೆ,
ಡಯಾನಾ

*

ನೊವಿಶಿಯೇಟ್
ಈಸ್ಟರ್ ಭಾನುವಾರ, 27 ಮಾರ್ಚ್ 2016

ಪ್ರಿಯ ಡಯಾನಾ,

ಈ ಸಲ ಟಿಪ್ಪಣಿಯಲ್ಲ, ಪತ್ರವನ್ನೇ ಬರೆಯುತ್ತಿದ್ದೇನೆ. ಇದರೊಂದಿಗೆ ಒಂದು ಚೀಟಿಯಿದೆ. ನಿಮ್ಮ ಫೆಬ್ರವರಿಯ ಪತ್ರ ಮಂಗಳವಾರ ಸಂಜೆ ಬಂತು. ವೆರೊನಿಕಾ ಅದನ್ನು ಓದಿ ಬಿಳುಪೇರಿ, ಅಂದೇ ಬರೆದದ್ದು ಇದು:

“ಬೇಡ ಅತ್ತಿಗೆ, ನೂರು ಬೇಡ! ಇಪ್ಪತ್ತರಿಂದ ಶುರು ಮಾಡಿ, ವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಿ. ದಿನಕ್ಕೆ ಎಂಟು ಗಂಟೆ ಸಾಕು. ಮಸುಕಿನಲ್ಲಿ ಇದ್ದದ್ದನ್ನು ಒಮ್ಮೆಲೇ ಬಿಸಿಲಿಗೆ ಇಟ್ಟ ಹಾಗಾಗುತ್ತದೆ.”

ಚೀಟಿ ನನ್ನ ಮೇಜಿಗೆ ಬಂದಾಗ ಬುಧವಾರ ಬೆಳಗಾಗಿತ್ತು, ಹಣೆಗೆ ಬೂದಿ ಹಚ್ಚಿಯಾಗಿತ್ತು. ನಿಯಮ ನಿಯಮವೇ. ಡ್ರಾಯರಿನಲ್ಲಿ ಇಟ್ಟೆ. ಆದರೆ ನೂರರ ಬೆಳಕು, ಒಂಬತ್ತು ಇಂಚು ಎಂದು ಓದಿದವಳು ನಾನು, ಅಷ್ಟು ಹತ್ತಿರದಿಂದ ಅದು ಹವಳವನ್ನು ಸುಡುತ್ತದೆ ಎಂದು ತಿಳಿದವಳೂ ನಾನು. ನಲವತ್ತು ದಿನ ಆ ಡ್ರಾಯರು ನನ್ನನ್ನು ನೋಡುತ್ತಿತ್ತು. ಹವಳಕ್ಕಾಗಿ ಪ್ರಾರ್ಥಿಸಬಹುದೇ ಎಂದು ಯಾವ ಪುಸ್ತಕದಲ್ಲೂ ಇಲ್ಲ. ಪ್ರಾರ್ಥಿಸಿದೆ.

ನಿಮ್ಮ ಮಾರ್ಚ್ ಪತ್ರ ಓದಿ ಎದ್ದು ನಿಂತೆ. ನೇರಳೆ ಬಟ್ಟೆ, ಎರಡು ಮಡಿಕೆ! ತೀಕ್ಷ್ಣತೆಯನ್ನು ತಗ್ಗಿಸುತ್ತದೆ, ಆದರೂ ಹವಳಕ್ಕೆ ಬೇಕಾದ ನೀಲಿಯನ್ನು ಅಷ್ಟಿಷ್ಟು ಒಳಗೆ ಬಿಡುತ್ತದೆ. ನಿಮ್ಮ ಅತ್ತೆಯವರು ತಮಗೆ ತಿಳಿಯದೆಯೇ ಒಳ್ಳೆಯ ಕೆಲಸ ಮಾಡಿದ್ದಾರೆ. ಈಗಲೇ ತೆಗೆಯಬೇಡಿ.

ವೆರೊನಿಕಾ ಕ್ಷೇಮವಾಗಿದ್ದಾಳೆ. ಎರಡು ಕಿಲೋ ಹೆಚ್ಚಾಗಿದ್ದಾಳೆ. ಇದನ್ನು ಗಟ್ಟಿಯಾಗಿ ಓದಿ ಹೇಳಿ. ಇನ್ನು ಮುಂದೆ ದೀಪಕ್ಕೆ ಸಂಬಂಧಿಸಿದ ಪತ್ರಗಳು ತಿಂಗಳ ಕೊನೆಗೆ ಕಾಯಬೇಕಿಲ್ಲ.

ಸಿ. ಸೆವ್ರಿನ್

*

ಶಿರಿಯ
1 ಏಪ್ರಿಲ್ 2016

ಪ್ರೀತಿಯ ವೆರಾ, ಪ್ರೀತಿಯ ಸಿಸ್ಟರ್,

ಅರಳಿತು! ಏಪ್ರಿಲ್ ಒಂದು ಎಂದು ತಮಾಷೆ ಮಾಡುತ್ತಿಲ್ಲ, ನಿಜವಾಗಿ ಅರಳಿತು!

ಗರಿಗಳ ಭಾನುವಾರದ ಮರುದಿನ ಅಂಚಿನಲ್ಲಿ ನಾಲ್ಕೈದು ಎಳೆ ಹೊರಗೆ ಬಂದಿದ್ದವು. ನನ್ನ ಭ್ರಮೆ ಎಂದುಕೊಂಡು ಯಾರಿಗೂ ಹೇಳಲಿಲ್ಲ. ಶುಭ ಶುಕ್ರವಾರ ಅರ್ಧ ಕೊಡೆ. ಈಸ್ಟರ್ ಬೆಳಿಗ್ಗೆ ಪೂಜೆ ಮುಗಿಸಿ ಬಂದರೆ ಪೂರ್ತಿ! ನಡುಮನೆಯಲ್ಲಿ ನಾನು ಕುಣಿದೆ, ಜೋಯ್‌ನನ್ನೂ ಕುಣಿಸಿದೆ, ಮೊಟ್ಟೆಯ ತಟ್ಟೆ ಹಿಡಿದು ಬಂದ ಲೋಲಾಕ್ಷಿಯಕ್ಕನನ್ನೂ ಬಿಡಲಿಲ್ಲ.

ಮಾಂಯ್ ಆಲ್ತಾರಿನ ಬಟ್ಟೆ ತೆಗೆದು ಮಡಚಿದರು. ಅಕ್ವೇರಿಯಂ ಮೇಲಿನದನ್ನು ತೆಗೆಯಲಿಲ್ಲ. “ಅದು ಇರಲಿ, ಒಗೀಲಿಕ್ಕೆ ಇವತ್ತು ಸಾಬೂನಿಲ್ಲ” ಎಂದರು. ಎಂಥ ಅದೃಷ್ಟ ನೋಡಿ! ನಿನ್ನೆ ಸಿಸ್ಟರ್ ಅವರ ಪತ್ರ ಬಂದ ಮೇಲೆ ತಿರುಗಣೆಗಳನ್ನು ಇಪ್ಪತ್ತಕ್ಕೆ ಇಳಿಸಿದೆ. ಪತ್ರವನ್ನು ಗಟ್ಟಿಯಾಗಿ ಓದಿ, “ಮಾಂಯ್, ನಿಮ್ಮ ಬಟ್ಟೆಯೇ ಅದನ್ನು ಉಳಿಸಿದ್ದು!” ಎಂದು ಅಪ್ಪಿಕೊಂಡೆ.

“ಹೌದಾ? ನನಗೆಂತ ಗೊತ್ತು ಬಾಯೆ” ಎಂದರು. “ನನಗೆ ತಪಸ್ಸುಕಾಲ ಮಾತ್ರ ಗೊತ್ತು.”

ಎರಡು ಕಿಲೋ ವಿಷಯವನ್ನು ಮಾತ್ರ ಎರಡು ಸಲ ಓದಿಸಿಕೊಂಡರು.

ನಿಮ್ಮ,
ಡಯಾನಾ

*

ಶಿರಿಯ
4 ಏಪ್ರಿಲ್ 2016

ಪ್ರೀತಿಯ ವೆರೊನಿಕಾ,

ಡಯಾನಾ ಜೋಯ್‌ಸ್ಟನ್‌ನಿಗೆ ಊಟ ಕೊಡಲು ವಿದ್ಯಾನಗರದ ಅವನ ಆಫೀಸಿಗೆ ಹೋಗಿದ್ದಾಳೆ. ಟಿಫಿನ್ ಮರೆತದ್ದು ಅವನು, ಓಡಿದ್ದು ಅವಳು. ಆಫೀಸಿನಲ್ಲಿ ಎಲ್ಲರೂ ನಗುತ್ತಾರಂತೆ. ನಗಲಿ. ಅವಳು ಬರುವುದರೊಳಗೆ ಇದನ್ನು ಪೋಸ್ಟ್ ಮಾಡಬೇಕು.

ಹನ್ನೊಂದು ತಿಂಗಳು ಏಕೆ ಬರೆಯಲಿಲ್ಲ ಎಂದು ಕೇಳಬೇಡ. ಬರೆಯಲು ಕೂತರೆ ‘ಬಾ’ ಎಂದು ಬರೆದುಬಿಡುತ್ತೇನೆ ಎಂಬ ಹೆದರಿಕೆ ಇತ್ತು. ಈಗ ಬರೆಯಲು ಬೇರೆ ವಿಷಯ ಸಿಕ್ಕಿದೆ.

ನೀನು ಹೋಗುವಾಗ ಹೇಳಿದ ಮಾತು ನೆನಪಿದೆ. ಆದರೆ ನಾನು ಅಷ್ಟೊಂದು ಮಳ್ಳಿಯಲ್ಲ. ಕೊಡೆ ಮುಚ್ಚಿದ್ದು ನಿನ್ನಿಂದಲ್ಲ, ಆ ದೀಪದಿಂದ ಎಂದು ನನಗೆ ಮೊದಲ ವಾರವೇ ತಿಳಿದಿತ್ತು. ಅದರ ಮುಂದೆ ನನಗೇ ಕಣ್ಣು ಬಿಡಲು ಆಗುತ್ತಿರಲಿಲ್ಲ. ಅದಕ್ಕೆ ಪಾಪ, ರೆಪ್ಪೆಯೂ ಇಲ್ಲ.

ಹೇಳುವುದು ಹೇಗೆ? ದೀಪ ಹಚ್ಚಿದ ದಿನ ಆ ಹುಡುಗಿ ದೀಪ ನೋಡಲಿಲ್ಲ, ಮೀನು ನೋಡಲಿಲ್ಲ, ನನ್ನ ಮುಖ ನೋಡುತ್ತಾ ನಿಂತಿದ್ದಳು. ನಾನು ಈ ಮನೆಗೆ ಬಂದ ಹೊಸತರಲ್ಲಿ ಹಂದಿ ಮಾಂಸಕ್ಕೆ ಉಪ್ಪು ಹೆಚ್ಚಾದದ್ದನ್ನು ನಿನ್ನ ಅಜ್ಜಿ ಊರಿಗೆಲ್ಲ ಹೇಳಿದ್ದರು. ಮೂವತ್ತೆರಡು ವರ್ಷವಾಯಿತು, ಈಗಲೂ ಉಪ್ಪು ಹಾಕಿದ ಮೇಲೆ ಮೂರು ಸಲ ರುಚಿ ನೋಡುತ್ತೇನೆ.

ಅದಕ್ಕೆ ನೇರಳೆ ಬಟ್ಟೆಯ ದಿನಕ್ಕೆ ಕಾದೆ. ಕ್ಯಾಲೆಂಡರ್ ನೋಡಿ ದಿನ ಎಣಿಸಿದೆ. ಅಷ್ಟರವರೆಗೆ ಅವಳು ಸ್ನಾನಕ್ಕೆ ಹೋದಾಗಲೆಲ್ಲ ದೀಪ ಆರಿಸಿ, ನೀರಿನ ಸದ್ದು ನಿಂತ ಕೂಡಲೇ ಪುನಃ ಹಚ್ಚುತ್ತಿದ್ದೆ. ಅವಳ ಸ್ನಾನ ಉದ್ದ, ಹಾಡು ಬೇರೆ. ದೇವರು ದೊಡ್ಡವನು. ಸುಳ್ಳು ಹೇಳಲಿಲ್ಲ. ಇಗರ್ಜಿಯಲ್ಲಿ ಮುಚ್ಚಿದ್ದು ನಿಜ. ಸಾಬೂನು ಇತ್ತು, ಅದೊಂದು ಮಾತ್ರ ಸುಳ್ಳು.

ಮೇ ತಿಂಗಳಲ್ಲಿ ನಿಮ್ಮಲ್ಲಿ ಮನೆಯವರಿಗೆ ಬರಲು ಒಂದು ದಿನ ಇದೆಯಂತೆ. ಬರುತ್ತೇನೆ. ಡಯಾನಾ ಬಸ್ಸಿನಲ್ಲಿ ಇಡೀ ದಾರಿ ಮಾತಾಡುತ್ತಾಳೆ, ನನಗೂ ಅದು ಈಗ ಅಭ್ಯಾಸವಾಗಿದೆ. ನಿನಗೆ ಬೇಕಾದ ಉಪ್ಪಿನಕಾಯಿ ಯಾವುದೆಂದು ಬರೆ. ಬಟ್ಟೆಯ ವಿಷಯ ಅವಳಿಗೆ ಎಂದೂ ಹೇಳಬಾರದು.

ಸಿಸ್ಟರ್ ಸೆವ್ರಿನ್, ಇದನ್ನು ನೀವು ಮೊದಲು ಓದುತ್ತೀರಿ ಎಂದು ಗೊತ್ತು. ನೀವೂ ಹೇಳಬಾರದು.

ನಿನ್ನ ಮಮ್ಮಿ